ಹಣ್ಣಿಲ್ಲದ ಮನೆಯಲ್ಲಿ ಹಣ್ಣಿನ ವಾಸನೆ

ಶ್ರೀ ಚಂದ್ರಚೂಡೇಶ್ವರಸ್ವಾಮಿ ಪ್ರಸನ್ನ

ಹೊಸೂರು
ಸರ್ವಧಾರಿ ಸಂವತ್ಸರ, ಕಾರ್ತಿಕ ಬಹುಳ ಪಂಚಮಿ
೧೭-೧೧-೨೦೦೮

ಸೌಭಾಗ್ಯವತಿ ಗಂಗಾದೇವಿಯವರಿಗೆ, ಬೀಗಿತ್ತಿ ಶ್ಯಾಮಲಮ್ಮನ ಆಶೀರ್ವಾದಪೂರ್ವಕ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮವೆಂಬ ವಾಡಿಕೆಯ ಸಾಲನ್ನು ಬರೆಯಲು ಲೇಖನಿ ಹಿಡಿದೆ. ಕೈ ಮುಂದಕ್ಕೆ ಹೋಗಲಿಲ್ಲ. ಆದ್ದರಿಂದ ನೀವು ಮೊದಲು ತಿಳಿಯಬೇಕಾದದ್ದನ್ನೇ ಮೊದಲು ಬರೆಯುತ್ತೇನೆ. ನಿಮ್ಮ ಮಗಳು ಕೋಮಲಾ ಬದುಕಿದ್ದಾಳೆ. ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಈ ಹೊತ್ತು ನಡುಮನೆಯಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಾಳೆ. ಆದರೆ ಅವಳ ಜೀವದ ವಿಷಯದಲ್ಲಿ ನನಗೆ ಇನ್ನೂ ಧೈರ್ಯ ಬಂದಿಲ್ಲ. ಬಟ್ಟಲಿಗೆ ಕಾಳು ಬೀಳುವ ಸದ್ದು ಒಂದು ಕ್ಷಣ ನಿಂತರೂ ನಾನು ಬರೆಯುವುದನ್ನು ಬಿಟ್ಟು ಆ ಕಡೆ ನೋಡುತ್ತೇನೆ.

ಫೋನಿನಲ್ಲಿ ಹೇಳಬಹುದಾಗಿದ್ದ ಮಾತಿಗೆ ಈ ಮುದುಕಿ ಕಾಗದವೇಕೆ ಬರೆದಳೆಂದು ನೀವು ಕೇಳಲಾರಿರಿ. ನಾನು ಫೋನು ಮಾಡಿಸಿದಾಗಲೆಲ್ಲ ನೀವು ಹೊಲಕ್ಕೆ ಹೋಗಿರುತ್ತೀರಿ. ಬೀಗರು ನಾರಾಯಣಪ್ಪನವರು ಆಸ್ಪತ್ರೆಗೆ ಬಂದರು, ಮಗಳ ಕಾಲ ಬಳಿ ನಿಂತು ಹೆಗಲ ಮೇಲಿನ ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ನಿಮ್ಮನ್ನು ವಿಚಾರಿಸಿದರೆ ಹಸು ಕರು ಹಾಕಿದೆ ಎಂದರು. ಮಗಳು ಪ್ರಾಣಸಂಕಟದಲ್ಲಿರುವಾಗ ಹಸುವಿನ ಬಾಣಂತನಕ್ಕೆ ನಿಲ್ಲುವ ತಾಯಿ ನೀವಲ್ಲವೆಂಬುದು ನನಗೆ ಗೊತ್ತು. ನಿಮ್ಮನ್ನು ಗುಮ್ಮಳಾಪುರದಲ್ಲಿ ಕಟ್ಟಿಹಾಕಿರುವುದು ಭಯ. ಅದೇ ಭಯ ಇಲ್ಲಿ ನನ್ನನ್ನೂ ಹಿಡಿದಿರುವುದರಿಂದ ಸಿಟ್ಟಿನ ಮಾತಿಗೆ ನನ್ನಲ್ಲಿ ಎಡೆಯಿಲ್ಲ.

ಸಂತೆಗೆ ತರಕಾರಿ ತಂದಿರುವ ನಿಮ್ಮೂರಿನ ಬೋರಯ್ಯ ಮಧ್ಯಾಹ್ನದ ಬಸ್ಸಿಗೆ ಹಿಂದಿರುಗುತ್ತಾನೆ. ಕಾಗದವನ್ನು ಅವನ ಕೈಯಲ್ಲಿ ಕೊಡುತ್ತೇನೆ. ಅದಕ್ಕೆ ಮೊದಲು ನನ್ನ ಮಗ ಮುನೀಂದ್ರ ಇದನ್ನು ಓದುತ್ತಾನೆ. ಇನ್ನು ಮುಂದೆ ಎರಡು ಮನೆಗಳ ನಡುವೆ ಹೋಗುವ ಬರುವ ಯಾವ ಮಾತೂ ತನಗೆ ತಿಳಿಯದೆ ಇರಕೂಡದೆಂದು ಹೇಳಿದ್ದಾನೆ. ಹಾಗೆ ಹೇಳುವ ಹಕ್ಕು ಅವನಿಗುಂಟು.

ನಡೆದದ್ದು ನಿಮಗೆ ಅಲ್ಲಿಷ್ಟು ಇಲ್ಲಿಷ್ಟು ತಿಳಿದಿರಬೇಕು. ಮೊದಲಿನಿಂದ ಬರೆಯುತ್ತೇನೆ.

ಕಳೆದ ಬೇಸಿಗೆಯಲ್ಲಿ ಮುನೀಂದ್ರ ಕಂಪ್ಯೂಟರನ್ನು ತಂದು ನಡುಮನೆಯಲ್ಲಿ ಇಟ್ಟು, ಅದಕ್ಕೆ ದೂರವಾಣಿಯ ತಂತಿ ಜೋಡಿಸಿದ. ಕೋಮಲಾ ಆಫೀಸಿನಿಂದ ಬಂದು, ಕೈಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿ, ಅನಂತರ ಅದರ ಮುಂದೆ ಕುಳಿತುಕೊಳ್ಳುತ್ತಿದ್ದಳು. ಅದರೊಳಗೆ ಆರ್ಕುಟ್ ಎಂಬುದೊಂದು ಇದೆಯಂತೆ. ಅಲ್ಲಿ ಮುಖ ಕಾಣದ ಜನರು ಒಂದೊಂದು ವಿಷಯಕ್ಕೆ ಒಂದೊಂದು ಕೂಟ ಕಟ್ಟಿಕೊಂಡು ಹಗಲಿರುಳು ಮಾತನಾಡುತ್ತಾರಂತೆ. ಇವಳು ಸೇರಿದ್ದು ಆರೋಗ್ಯದ ಕೂಟವೆಂದು ನನಗೆ ಹೇಳಿದಳು. ಒಮ್ಮೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದಳು. ಮುಂಜಾನೆಯ ಹೊಲದ ಬದುವಿನ ಮೇಲೆ ನಡೆಯುವವರ ಚಿತ್ರ, ಹಸಿರು ರಸ ತುಂಬಿದ ಲೋಟದ ಚಿತ್ರ, ಮೊಳಕೆ ಬಂದ ಹೆಸರುಕಾಳಿನ ಚಿತ್ರ. ಒಬ್ಬಳು ತನ್ನ ಹಳೆಯ ರವಿಕೆ ಈಗ ಎಷ್ಟು ಸಡಿಲವಾಗಿದೆ ಎಂದು ಹಿಡಿದು ತೋರಿಸಿದ್ದಳು. ಕೆಳಗೆ ಹತ್ತಾರು ಜನರು ಅವಳನ್ನು ತಂಗಿ, ಅಕ್ಕ ಎಂದು ಕರೆದು ಭೇಷ್ ಎಂದು ಬರೆದಿದ್ದರಂತೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನೂ ತಮಿಳನ್ನೂ ಬರೆಯುತ್ತಾರಾದ್ದರಿಂದ ನನಗೆ ಒಂದಕ್ಷರವೂ ತಿಳಿಯಲಿಲ್ಲ. ಇವಳು ಓದಿ ಓದಿ ಹೇಳಿದಳು. ಆಗ ಅವಳ ಮುಖ ದೇವಸ್ಥಾನದಿಂದ ಬಂದವಳ ಮುಖದಂತಿತ್ತು.

ನನಗೆ ಸಂತೋಷವೇ ಆಯಿತೆಂದು ಒಪ್ಪಿಕೊಳ್ಳಬೇಕು. ಈ ಕಾಲದ ಹೆಣ್ಣುಮಗಳು ಸೂರ್ಯೋದಯಕ್ಕೆ ಮೊದಲು ಎದ್ದು ಬೆಟ್ಟದ ಮೆಟ್ಟಿಲು ಹತ್ತುತ್ತಾಳೆ, ಸ್ವಾಮಿಯ ದರ್ಶನ ಮಾಡಿ ಬರುತ್ತಾಳೆ, ಬೇವಿನ ಚಿಗುರು ಅಗಿಯುತ್ತಾಳೆ, ಎಣ್ಣೆಯ ತಿಂಡಿ ಮುಟ್ಟುವುದಿಲ್ಲ ಎಂದರೆ ಯಾವ ಅತ್ತೆಗೆ ಸಂತೋಷವಾಗದು? ನಮ್ಮ ತಂದೆಯವರು ಪುರಾಣ ಹೇಳುತ್ತಿದ್ದ ಕಾಲದಲ್ಲಿ ಆಹಾರನಿಯಮವೇ ತಪಸ್ಸಿನ ಮೊದಲ ಪಾವಟಿಗೆ ಎಂದು ವ್ಯಾಖ್ಯಾನ ಮಾಡುತ್ತಿದ್ದರು. ಅದೇ ಮಾತು ಈಗ ಗಾಜಿನ ಪೆಟ್ಟಿಗೆಯಿಂದ ಬರುತ್ತಿದೆ, ಬಂದರೆ ಬರಲಿ ಎಂದುಕೊಂಡೆ.

ಆ ಕೂಟದ ಹೆಸರು ‘ಸಕ್ಕರೆ ಗೆದ್ದವರು’ ಎಂದು ಅವಳು ನನಗೆ ಹೇಳಿರಲಿಲ್ಲ.

ಮಹಾನವಮಿಗೆ ಮುಂಚೆ ನಾನು ಒಂದು ಮಾತು ಎತ್ತಿದ್ದೆ. ಮದುವೆಯಾಗಿ ಎರಡನೆಯ ವರ್ಷ ನಡೆಯುತ್ತಿದೆ, ದೀಪಾವಳಿ ಕಳೆದ ಮೇಲೆ ಒಳ್ಳೆಯ ಲೇಡಿ ಡಾಕ್ಟರಿಗೆ ತೋರಿಸಿ ಬರೋಣ, ರಕ್ತಪರೀಕ್ಷೆ ಮುಂತಾದ್ದನ್ನು ಮಾಡಿಸಿದರೆ ಮನಸ್ಸಿಗೆ ನೆಮ್ಮದಿ ಎಂದಿದ್ದೆ. ಅವಳು ಆಗಲಿ ಅತ್ತೆ ಎಂದಳು. ಆ ಮಾತಿನಿಂದ ಅವಳ ಎದೆಯೊಳಗೆ ಏನಾಯಿತೆಂಬುದು ಈಗ ತಿಳಿಯುತ್ತಿದೆ. ಅಲ್ಲಿಗೆ ಹೋದರೆ ಮೊದಲ ಪರೀಕ್ಷೆಯಲ್ಲೇ ಎಲ್ಲವೂ ಹೊರಬೀಳುತ್ತದೆ. ಅಷ್ಟರೊಳಗೆ ದಿನವೂ ಗುಟ್ಟಾಗಿ ಹಾಕಿಕೊಳ್ಳುತ್ತಿದ್ದ ಸೂಜಿಯನ್ನು ಬಿಟ್ಟು, ಆರೋಗ್ಯವಂತಳಾಗಿ ಡಾಕ್ಟರ ಮುಂದೆ ಹೋಗಿ ಕೂರಬೇಕು. ದಾರಿ ಆ ಕೂಟದಲ್ಲಿತ್ತು. ಅದರ ಯಜಮಾನನನ್ನು ಎಲ್ಲರೂ ಅಣ್ಣ ಎನ್ನುತ್ತಾರೆ. ಅವನು ಯಾವ ಊರಿನವನೋ, ಏನು ಓದಿದವನೋ ಯಾರಿಗೂ ತಿಳಿಯದು. ತಾನು ಸೂಜಿ ಬಿಸುಟು ವರ್ಷಗಳಾದವೆಂದೂ, ತನ್ನ ಕ್ರಮದಲ್ಲಿ ಒಂದು ಮಂಡಲ ನಡೆದವರಿಗೆ ಇನ್ಸುಲಿನ್ ಬೇಕಾಗುವುದಿಲ್ಲವೆಂದೂ ಬರೆದುಕೊಂಡಿದ್ದ. ಮಂಡಲವೆಂಬ ಮಾತನ್ನು ಅವನು ನಮ್ಮ ವ್ರತಗಳಿಂದಲೇ ಎತ್ತಿಕೊಂಡಿದ್ದ. ಧಾನ್ಯ ಬೇಡ, ಬೇಯಿಸಿದ್ದು ಬೇಡ, ಹಸಿ ತರಕಾರಿಯ ರಸ, ನೀರು, ಸೂರ್ಯನಮಸ್ಕಾರ, ಮತ್ತು ಸೂಜಿಯನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತಾ ಬಿಟ್ಟುಬಿಡುವುದು.

ಆ ಕೊನೆಯದೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಅವಳು ನನ್ನ ಮುಂದೆ ಹೇಳಿದಳು. ವಿಜಯದಶಮಿಯ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಕೂದಲಿನಲ್ಲಿ ಬಂದು ನಮಸ್ಕಾರ ಮಾಡಿ, ಸಂತಾನಕ್ಕಾಗಿ ಒಂದು ಮಂಡಲ ವ್ರತ ಹಿಡಿಯುತ್ತೇನೆ, ಅಪ್ಪಣೆ ಕೊಡಿ ಎಂದಳು. ನನಗೆ ಕಣ್ಣು ತುಂಬಿ ಬಂತು. ವ್ರತವೆಂದ ಮೇಲೆ ಸಂಕಲ್ಪವಿಲ್ಲದೆ ಆಗದು. ಸ್ವಾಮಿಯ ಮುಂದೆ ಅರಿಸಿನದ ಕೊಂಬು ಕಟ್ಟಿದ ದಾರವನ್ನಿಟ್ಟು ಪೂಜಿಸಿ, ನಾನೇ ಅವಳ ಬಲಗೈಗೆ ಕಂಕಣ ಕಟ್ಟಿದೆ.

ಕಂಕಣದ ವಿಧಿ ನಿಮಗೂ ಗೊತ್ತು. ನಮ್ಮ ಕಡೆಯವರು ಇಂದಿಗೂ ಅದನ್ನು ಮೀರುವುದಿಲ್ಲ. ಕಟ್ಟಿಸಿಕೊಂಡವರು ವ್ರತ ಮುಗಿಯುವ ತನಕ ಊರ ಎಲ್ಲೆ ದಾಟಬಾರದು, ಸಾವಿನ ಮನೆಗೆ ಹೋಗಬಾರದು, ಮೈಗೆ ಕಬ್ಬಿಣ ತಾಗಿ ರಕ್ತ ಬರಬಾರದು. ಇವನ್ನು ಹೇಳುತ್ತಾ, ಚಾಕು ಕತ್ತರಿಯ ಕೆಲಸ ನನಗೆ ಬಿಡು, ಜ್ವರ ಬಂದರೂ ಕಷಾಯ ಕುಡಿಯಬೇಕೇ ಹೊರತು ಮೈಗೆ ಸೂಜಿ ಹಾಕಿಸಬಾರದು ಎಂದೆ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು.

“ಡಾಕ್ಟ್ರು ಸೂಜಿನೂವಾ, ಅತ್ತೆ?”

ಅದೂ ಸೇರಿತು ಎಂದೆ. ಅವಳ ಮುಖದಲ್ಲಿ ಒಂದು ಕಳೆ ಬಂತು. ಎರಡು ಕಡೆಯಿಂದ ಎಳೆಯುತ್ತಿದ್ದ ಹಗ್ಗದಲ್ಲಿ ಒಂದನ್ನು ಯಾರೋ ಬಿಚ್ಚಿದಂತೆ ಉಸಿರು ಬಿಟ್ಟಳು. ಅಣ್ಣನೆಂಬವನು ಅನುಮತಿ ಕೊಟ್ಟಿದ್ದ, ಈಗ ದೇವರೂ ಕೊಟ್ಟಂತಾಯಿತು. ಗಂಗಾದೇವಿಯವರೆ, ಆ ಮುಖವನ್ನು ನೆನೆದರೆ ಈಗಲೂ ನನ್ನ ಅಂಗಾಲು ತಣ್ಣಗಾಗುತ್ತದೆ.

ಆಮೇಲೆ ಅವಳು ಸೊರಗತೊಡಗಿದಳು. ಬೀದಿಯವರೆಲ್ಲ ಎಷ್ಟು ತೆಳ್ಳಗಾಗಿದ್ದಾಳೆಂದು ಹೊಗಳಿದರು. ಕೂಟದವರಂತೂ ಅವಳ ಚಿತ್ರ ಹಾಕಿಸಿಕೊಂಡು ಹೊಸಬರಿಗೆಲ್ಲ ಇವಳನ್ನು ನೋಡಿ ಕಲಿಯಿರೆಂದು ಬರೆದರಂತೆ. ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು. ನೀರು ಕುಡಿದಷ್ಟೂ ವಿಷ ಹೊರಗೆ ಹೋಗುತ್ತದೆಂದು ಅಲ್ಲಿ ಹೇಳಿದ್ದಾರೆ ಎಂದಳು. ಬೆಟ್ಟ ಹತ್ತುವುದು ನಿಂತಿತು. ಆಫೀಸಿಗೆ ರಜೆ ಹಾಕಿದಳು. ದೇಹ ಶುದ್ಧಿಯಾಗುವಾಗ ಆಯಾಸ ಬರುವುದು ಒಳ್ಳೆಯ ಲಕ್ಷಣವಂತೆ, ಅದನ್ನೂ ಅಲ್ಲಿಯೇ ಬರೆದಿದ್ದರು. ಇವಳಿಗೆ ಬರುತ್ತಿದ್ದ ಪ್ರತಿಯೊಂದು ಅಪಾಯಕ್ಕೂ ಅವರ ಬಳಿ ಒಂದು ಶುಭದ ಹೆಸರು ಸಿದ್ಧವಾಗಿತ್ತು.

ನನ್ನನ್ನು ಮೊದಲು ಹೆದರಿಸಿದ್ದು ಎದುರುಮನೆಯ ಕದಿರಮ್ಮನ ಹಾಸ್ಯ. ತೆಲುಗಿನವಳು, ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. ದೀಪಾವಳಿಯ ಹಿಂದಿನ ದಿನ ಎಲೆ ಅಡಿಕೆಗೆಂದು ಬಂದವಳು ಕೋಮಲಾಳ ಪಕ್ಕ ಕುಳಿತು ಏನೋ ಮಾತಾಡಿ, ಎದ್ದು ಅಡಿಗೆಮನೆಗೆ ಬಂದು ನನ್ನ ತೋಳು ತಿವಿದಳು.

“ಏನ್ ಶ್ಯಾಮಲಮ್ಮಾ, ನಿನ್ ಸೊಸೆ ವ್ರತ ಶ್ಯಾನೆ ಚೆಂದಾಗೈತೆ. ಬಾಯ್ ತಗದ್ರೆ ಗಮ್ಮಂತ ಹಲಸಿನ್ ಹಣ್ಣು ವಾಸ್ನೆ. ಎಲ್ ಬಚ್ಚಿಟ್ಕಂಡು ತಿಂತಾವ್ಳೆ ಅಂತ ನಂಗೂ ಹೇಳಮ್ಮಾ, ಒಂದ್ ತೊಳೆ ತಿಂತೀನಿ.”

ನಾನೂ ನಕ್ಕೆ. ಆಶ್ವಯುಜದಲ್ಲಿ ಹಲಸಿನ ಹಣ್ಣು ಎಲ್ಲಿಯದು? ಆಮೇಲೆ ಕೋಮಲಾಳ ಬಳಿಗೆ ಹೋಗಿ ಹಾಸಿಗೆ ಸರಿಮಾಡುವ ನೆವದಿಂದ ಬಾಗಿದೆ. ಹೌದು, ಹಣ್ಣಿನ ವಾಸನೆಯೇ. ಕಳಿತು ಕೊಳೆಯುವುದಕ್ಕೆ ಬಂದ ಹಣ್ಣಿನದು. ಮನೆಯಲ್ಲಿ ನಿಂಬೆಹಣ್ಣಲ್ಲದೆ ಬೇರೆ ಹಣ್ಣಿರಲಿಲ್ಲ. ಗೂಡು, ನೆಲುವು, ಅವಳ ಬಟ್ಟೆಯ ಬೀರು ಎಲ್ಲವನ್ನೂ ಕಳ್ಳಿಯಂತೆ ಹುಡುಕಿದೆ. ಏನೂ ಸಿಗಲಿಲ್ಲ. ಆಗ ನನ್ನ ಬುದ್ಧಿ ಹೋದ ದಾರಿಯನ್ನು ಹೇಳಲು ನಾಚಿಕೆಯಾಗುತ್ತದೆ. ತಪಸ್ವಿಗಳ ಶರೀರದಿಂದ ಪರಿಮಳ ಹೊಮ್ಮುತ್ತದೆಂದು ಕೇಳಿದ್ದವಳು, ವ್ರತ ಫಲಿಸುತ್ತಿದೆಯೋ ಏನೋ ಎಂದು ಕೈ ಮುಗಿದೆ.  ಆ ಕೈ ಮುಗಿಸಿದ್ದು ಭಕ್ತಿಯಲ್ಲ, ಭಯವೆಂದು ಒಳಗೆ ತಿಳಿದಿತ್ತು.

ಆ ಸಂಜೆ ಅವಳು ವಾಂತಿ ಮಾಡಿಕೊಂಡಳು. ಮುನೀಂದ್ರ ಆಸ್ಪತ್ರೆಗೆ ಹೋಗೋಣವೆಂದು ಆಟೋ ಕರೆಯಲು ಹೊರಟ. ನಾನು ಬಾಗಿಲಿಗೆ ಅಡ್ಡ ನಿಂತೆ. ಹೋದ ಕೂಡಲೆ ಸೂಜಿ ಚುಚ್ಚುತ್ತಾರೆ, ಕಂಕಣ ಕಟ್ಟಿದ ಮೈ, ಸಂತಾನಕ್ಕೆಂದು ಹಿಡಿದ ವ್ರತ, ನಡುವೆ ಭಂಗವಾದರೆ ಅದರ ಫಲ ಯಾರ ಮೇಲೆ ಬೀಳುವುದೋ ಬಲ್ಲವರಾರು ಎಂದೆ. ಅವಳೂ ಹಾಸಿಗೆಯಿಂದ ಬೇಡ ಬೇಡವೆಂದು ಕೈಯಾಡಿಸಿದಳು. ಇಬ್ಬರು ಹೆಂಗಸರ ಹಟದ ಮುಂದೆ ಅವನು ಚಪ್ಪಲಿ ಬಿಚ್ಚಿ ಒಳಗೆ ಬಂದ. ಉಪವಾಸದ ಉಷ್ಣವಿರಬೇಕೆಂದು ಬೆಲ್ಲದ ಪಾನಕ ಮಾಡಿ, ಏಲಕ್ಕಿ ಹಾಕಿ, ನನ್ನ ಕೈಯಾರೆ ಕುಡಿಸಿದೆ. ಇಷ್ಟು ಕುಡಿ ತಾಯಿ, ತಂಪಾಗುತ್ತದೆ ಎಂದು ಇನ್ನೊಂದು ಲೋಟವನ್ನೂ ಕುಡಿಸಿದೆ. ಅದು ಅವಳಿಗೆ ಏನೆಂಬುದು ನಿಮಗೆ ಗೊತ್ತಿತ್ತು, ಅವಳಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಅತ್ತೆಯ ಕೈಯ ಲೋಟವನ್ನು ಬೇಡವೆಂದರೆ ಏಕೆಂದು ಹೇಳಬೇಕಾಗುತ್ತದೆಂದು ಕಣ್ಣು ಮುಚ್ಚಿ ಕುಡಿದಳು.

ಮರುದಿನ ಬೆಳಕು ಹರಿದಾಗ ಬೀದಿಯಲ್ಲೆಲ್ಲ ಪಟಾಕಿಯ ಸದ್ದು. ಎಣ್ಣೆನೀರಿಗೆಂದು ಹಂಡೆಗೆ ಉರಿ ಹಾಕಿ ಅವಳನ್ನು ಎಬ್ಬಿಸಲು ಹೋದೆ. ಅವಳು ಏಳಲಿಲ್ಲ. ಕಣ್ಣು ಅರ್ಧ ತೆರೆದಿತ್ತು. ಉಸಿರು ಮಾತ್ರ ಬೆಟ್ಟದ ಮೆಟ್ಟಿಲನ್ನು ಓಡುತ್ತಾ ಹತ್ತುವವಳ ಉಸಿರಿನಂತೆ ಆಳವಾಗಿ, ಬಿಡುವಿಲ್ಲದೆ ಎಳೆಯುತ್ತಿತ್ತು. ಮಲಗಿರುವವಳು ಹಾಗೇಕೆ ಏದುಸಿರು ಬಿಡಬೇಕು? ಕೋಣೆಯ ತುಂಬ ಆ ಹಣ್ಣಿನ ವಾಸನೆ. ಹೆಸರು ಹಿಡಿದು ಕರೆದೆ. ಅವಳು ಯಾರನ್ನೋ ಬೇರೆಯವರನ್ನು ನೋಡುವಂತೆ ನನ್ನನ್ನು ನೋಡಿದಳು. ಮುನೀಂದ್ರ ಅವಳನ್ನು ಎತ್ತಿಕೊಂಡು ಆಟೋಗೆ ಓಡಿದ. ನಾನು ಮಡಿಯ ಸೀರೆಯಲ್ಲಿಯೇ ಹಿಂದೆ ಓಡಿದೆ.

ಆಸ್ಪತ್ರೆಯಲ್ಲಿ ಎಲ್ಲವೂ ತಮಿಳಿನಲ್ಲಿ ನಡೆಯಿತು. ನರ್ಸು ಹುಡುಗಿ ಅವಳ ಸೀರೆ ಸರಿಸಿ ಹೊಟ್ಟೆಯನ್ನು ನೋಡಿ, ತಿರುಗಿ ನನ್ನನ್ನು ಕೇಳಿದಳು. ಇನ್ಸುಲಿನ್ ಯಾವಾಗ ನಿಲ್ಲಿಸಿದಿರಿ? ನಾನು ಯಾವ ಇನ್ಸುಲಿನ್ ಎಂದೆ. ಅವಳು ಬೆರಳಿಟ್ಟು ತೋರಿಸಿದಳು. ಹೊಕ್ಕುಳಿನ ಎರಡು ಕಡೆಗೂ ಸೂಜಿಯ ಚುಕ್ಕೆಗಳು, ಹಳೆಯವು, ಕಪ್ಪುಗಟ್ಟಿದವು. ಮನೆಯ ಮಗಳೆಂದುಕೊಂಡಿದ್ದವಳ ಮೈಮೇಲೆ ನಾನರಿಯದ ಒಂದು ಬರಹವನ್ನು ಬೇರೊಬ್ಬರು ಓದಿ ಹೇಳಿದಂತಾಯಿತು. ಅಷ್ಟರಲ್ಲಿ ಡಾಕ್ಟರು ರಕ್ತದ ಪರೀಕ್ಷೆ ನೋಡಿ ಏನೋ ಕೂಗಿದರು. ಇನ್ನೊಬ್ಬಳು ನರ್ಸು ರಕ್ತನಾಳಕ್ಕೆ ಸೂಜಿ ಹಾಕಲು ಅವಳ ಬಲಗೈ ಹಿಡಿದಳು. ಕಂಕಣ ಅಡ್ಡ ಬಂತು. ಕತ್ತರಿ ತೆಗೆದುಕೊಂಡಳು.

ಕಂಕಣವನ್ನು ಕತ್ತರಿಸಬಾರದು. ಹಾಲೆರೆದು, ಪೂಜಿಸಿ, ಕಟ್ಟಿದವರೇ ಬಿಚ್ಚಬೇಕು. ಅರುವತ್ತು ದಾಟಿದ ಈ ಜನ್ಮದಲ್ಲಿ ನಾನು ಒಂದು ಕಂಕಣವನ್ನೂ ಅಕಾಲದಲ್ಲಿ ಬಿಚ್ಚಿದವಳಲ್ಲ. ನಿಲ್ಲಮ್ಮಾ ಎಂದು ನರ್ಸಿನ ಕೈ ಹಿಡಿದೆ. ಅವಳು ಬೈದಳು, ಮುನೀಂದ್ರನೂ ಬೈದ. ಹಾಲಿರಲಿಲ್ಲ, ಹೂವಿರಲಿಲ್ಲ. ಗಂಟು ಅರಿಸಿನದ ನೀರಿನಲ್ಲಿ ನೆನೆದು ಒಣಗಿ ಕಲ್ಲಾಗಿತ್ತು. ಉಗುರಿಗೆ ಬಗ್ಗದಿದ್ದಾಗ ಹಲ್ಲಿನಿಂದ ಕಚ್ಚಿ ಬಿಡಿಸಿದೆ. ದಾರ ಕೈಗೆ ಬಂದ ಕ್ಷಣದಲ್ಲಿ ಸ್ವಾಮಿಯ ಹೆಸರು ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು, ಬೇಗ ಚುಚ್ಚು ತಾಯಿ ಎಂಬ ಮಾತು.

ಅನಂತರ ಡಾಕ್ಟರು ಮುನೀಂದ್ರನನ್ನೂ ನನ್ನನ್ನೂ ಕೂರಿಸಿ ಹೇಳಿದರು. ಇದು ವಯಸ್ಸಾದವರಿಗೆ ಬರುವ ಸಕ್ಕರೆ ಕಾಯಿಲೆಯಲ್ಲ. ಇವಳ ದೇಹದಲ್ಲಿ ಆ ರಸವೇ ಉತ್ಪತ್ತಿಯಾಗುವುದಿಲ್ಲ. ಸೂಜಿಯಿಂದ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಸೊಪ್ಪು, ರಸ, ನಡಿಗೆ ಎಲ್ಲವೂ ಒಳ್ಳೆಯವೇ, ಆದರೆ ಅವು ಆ ಸೂಜಿಯ ಜೊತೆಗೆ ಇರಬೇಕಾದವು, ಅದರ ಜಾಗದಲ್ಲಿ ಅಲ್ಲ. ಬಿಟ್ಟರೆ ರಕ್ತ ಹುಳಿಯಾಗುತ್ತದೆ, ಉಸಿರಿನಲ್ಲಿ ಹಣ್ಣಿನ ವಾಸನೆ ಬರುತ್ತದೆ, ಆಮೇಲೆ ಎಚ್ಚರ ತಪ್ಪುತ್ತದೆ. ಇನ್ನೊಮ್ಮೆ ಹೀಗಾದರೆ ನಾನು ಮಾತು ಕೊಡಲಾರೆ ಎಂದರು. ಎಂದಿನಿಂದ ಇದೆ ಎಂದು ಕೇಳಿದಾಗ ಮುನೀಂದ್ರ ನನ್ನ ಮುಖ ನೋಡಿದ, ನಾನು ಗೋಡೆ ನೋಡಿದೆ.

ಎಚ್ಚರವಾದ ಮೇಲೆ ಕೋಮಲಾಳೇ ಹೇಳಿದಳು. ಎಂಟನೆಯ ತರಗತಿಯಲ್ಲಿದ್ದಾಗ ಬಂದದ್ದು. ನೀವು ಯಾರಿಗೂ ಕಾಣದಂತೆ ಅವಳನ್ನು ಕೃಷ್ಣಗಿರಿಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದದ್ದು. ಒಂದು ಮಗುವಾಗುವ ತನಕ ಬಾಯಿ ಬಿಡಬೇಡವೆಂದು ಮದುವೆಯ ಹಿಂದಿನ ದಿನ ಆಣೆ ಹಾಕಿಸಿದ್ದು. ನಮ್ಮ ಮನೆಗೆ ಬಂದ ಮೇಲೆ ಔಷಧಿಯನ್ನು ಫ್ರಿಜ್ಜಿನಲ್ಲಿ ಮಲ್ಲಿಗೆಯ ಪೊಟ್ಟಣದೊಳಗೆ ಸುತ್ತಿಡುತ್ತಿದ್ದಳಂತೆ. ಫ್ರಿಜ್ಜಿನೊಳಗಿನದನ್ನು ನಾನು ಮುಟ್ಟುವುದಿಲ್ಲವೆಂಬ ನನ್ನ ಮಡಿಯೇ ಅದಕ್ಕೆ ಕಾವಲಾಯಿತು. ಹೂವಿನ ಮೇಲೆ ಎಷ್ಟು ಆಸೆ ಈ ಹುಡುಗಿಗೆ ಎಂದು ನಾನು ಮೆಚ್ಚಿಕೊಳ್ಳುತ್ತಿದ್ದೆ.

ಇಷ್ಟು ವರ್ಷ ಯಾರ ಮುಂದೆಯೂ ಹೇಳಲಾಗದೆ ಇದ್ದದ್ದನ್ನು ಅವಳು ಮೊದಲ ಬಾರಿಗೆ ಬಾಯಿ ಬಿಟ್ಟು ಹೇಳಿದ್ದು ಆ ಕೂಟದಲ್ಲಿ. ನನಗೂ ಸಕ್ಕರೆ ಇದೆ ಎಂದು ಬರೆದಾಗ ನೂರು ಜನರು ನಮಗೂ ಇದೆ ತಂಗಿ ಎಂದರಂತೆ. ಅದನ್ನು ಹೇಳುವಾಗ ಆಸ್ಪತ್ರೆಯ ಹಾಸಿಗೆಯಲ್ಲೂ ಅವಳ ಕಣ್ಣು ಹೊಳೆಯಿತು. ನಾನು ಅವಳಿಗೆ ಕೊಡದಿದ್ದದ್ದನ್ನು, ನೀವು ಕೊಡದಿದ್ದದ್ದನ್ನು ಅವರು ಕೊಟ್ಟರು. ಕೊಟ್ಟ ಕೈಯಿಂದಲೇ ಪ್ರಾಣವನ್ನು ಕೇಳಿದರು. ಇದನ್ನು ಹೇಗೆ ಬಯ್ಯಬೇಕೆಂದು ನನಗೆ ತಿಳಿಯುತ್ತಿಲ್ಲ.

ಈಗಿನ ಸ್ಥಿತಿ ಹೀಗಿದೆ. ಮುನೀಂದ್ರ ಕಂಪ್ಯೂಟರಿನ ತಂತಿ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾನೆ. ಔಷಧಿ ಈಗ ಹೂವಿನ ಮರೆಯಿಲ್ಲದೆ ಫ್ರಿಜ್ಜಿನ ಬಾಗಿಲಲ್ಲೇ ಇದೆ. ಕೋಮಲಾ ಡಾಕ್ಟರು ಹೇಳಿದಂತೆ ಬೆಳಿಗ್ಗೆ ಸಂಜೆ ತಪ್ಪದೆ ಸೂಜಿ ಹಾಕಿಕೊಳ್ಳುತ್ತಿದ್ದಾಳೆ. ಊಟ ಮಾಡುತ್ತಿದ್ದಾಳೆ. ಆದರೂ ಅವಳು ನಮಸ್ಕಾರ ಮಾಡಲು ಬಾಗಿದಾಗ ನನ್ನ ಬಾಯಲ್ಲಿ ಆಶೀರ್ವಾದ ಬರುವುದಿಲ್ಲ, ಮೊದಲು ಅವಳ ಉಸಿರನ್ನು ಮೂಸುತ್ತೇನೆ. ಅವಳಿಗೆ ಅದು ಗೊತ್ತು. ಉಸಿರು ಬಿಗಿಹಿಡಿದು ನಮಸ್ಕಾರ ಮಾಡುತ್ತಾಳೆ.

ಮುನೀಂದ್ರ ಬರೆಯಲೇಬೇಕೆಂದು ಹೇಳಿದ ಸಾಲನ್ನು ಬರೆಯುತ್ತೇನೆ. ಕಾಯಿಲೆಯನ್ನು ತಾನು ಕ್ಷಮಿಸಬಲ್ಲನಂತೆ. ಅದು ಯಾರ ತಪ್ಪೂ ಅಲ್ಲ. ಆದರೆ ಇನ್ನೊಂದು ಸುಳ್ಳು ಈ ಮನೆಯಲ್ಲಿ ಕಂಡರೆ ಅವಳನ್ನು ಗುಮ್ಮಳಾಪುರಕ್ಕೆ ತಂದು ಬಿಟ್ಟು, ಮತ್ತೆ ಕರೆಯುವುದಿಲ್ಲವಂತೆ. ಅವನು ಕೆಟ್ಟ ಹುಡುಗನಲ್ಲ. ಬಾಗಿಲಿಗೆ ಅಡ್ಡ ನಿಂತ ತಾಯಿಯನ್ನು ಏನೂ ಅನ್ನಲಾರದೆ ಆ ಕೋಪವನ್ನು ಹೊತ್ತು ತಿರುಗುತ್ತಿದ್ದಾನೆ.

ನನ್ನ ಬೇಡಿಕೆ ಒಂದೇ. ಮಾರ್ಗಶಿರದಲ್ಲಿ ಒಳ್ಳೆಯ ದಿನ ನೋಡಿ, ಬೀಗರೊಡನೆ ಬಂದು ಹೋಗಿ. ನಿಮ್ಮನ್ನು ಕೂರಿಸಿ ವಿಚಾರಣೆ ಮಾಡುವ ಉದ್ದೇಶ ನನಗಿಲ್ಲ. ಮಗಳಿಗೆ ಹಾಕಿಸಿದ ಆಣೆಯನ್ನು ನೀವೇ ಹಿಂತೆಗೆದುಕೊಳ್ಳಬೇಕು, ನನ್ನೆದುರಿಗೆ, ಬಾಯಿ ಬಿಟ್ಟು. ಈ ಮನೆಯಲ್ಲಿ ಸೂಜಿ ಹಿಡಿದು ಇರಬಹುದೆಂದು ನಾನು ಹೇಳಿದೆ, ಮುನೀಂದ್ರನೂ ಹೇಳಿದ. ಅವಳು ತಲೆಯಾಡಿಸುತ್ತಾಳೆ. ನಂಬಿದಳೆಂದು ನನಗೆ ತೋರುವುದಿಲ್ಲ. ತಾಯಿಯ ಮಾತನ್ನು ತಾಯಿಯೇ ಬಿಡಿಸಬೇಕು.

ಬೀಗರಿಗೆ ನನ್ನ ನಮಸ್ಕಾರಗಳು. ದೇವರು ನಿಮ್ಮ ಮನೆಯನ್ನೂ ನಮ್ಮ ಮನೆಯನ್ನೂ ಒಂದೇ ಕಣ್ಣಿನಿಂದ ನೋಡಲಿ.

ಇಂತು,
ನಿಮ್ಮ ಮಗಳ ಅತ್ತೆ,
ಶ್ಯಾಮಲಮ್ಮ

ಪುನಶ್ಚ:

ಮುನೀಂದ್ರ ಕಾಗದ ಓದಿ, ಸರಿ ಎಂದು ಹೇಳಿ, ಕೆಲಸದ ಪಾಳಿಗೆ ಹೋದ. ಇದು ಅವನು ಹೋದ ಮೇಲೆ ಬರೆದದ್ದು. ಓದಿದ ಕೂಡಲೆ ಈ ಹಾಳೆಯನ್ನು ಒಲೆಗೆ ಹಾಕಿ.

ತಪ್ಪದೆ ಸೂಜಿ ಹಾಕಿಕೊಳ್ಳುತ್ತಿದ್ದಾಳೆಂದು ಮೇಲೆ ಬರೆದದ್ದು ನಿಜವಲ್ಲ. ಇಂದು ಬೆಳಿಗ್ಗೆ ಬಚ್ಚಲಮನೆಯ ಬಾಗಿಲಿಗೆ ಅಗಳಿ ಬಿದ್ದಿರಲಿಲ್ಲ. ತುಂಬಿಸಿದ ಸೂಜಿಯನ್ನು ಅವಳು ನೀರು ಹೋಗುವ ತೂಬಿಗೆ ಒತ್ತುತ್ತಿದ್ದಳು. ನಿನ್ನೆ ಸಂಜೆಯದೂ ಹಾಗೆಯೇ ಹೋಯಿತಂತೆ. ಕೂಟದ ಹೆಂಗಸೊಬ್ಬಳು ಮಧ್ಯಾಹ್ನದ ಹೊತ್ತು ಫೋನು ಮಾಡುತ್ತಾಳಂತೆ. ನಾನು ಕೂಗಲಿಲ್ಲ. ಏಕಮ್ಮಾ ಎಂದು ಮಾತ್ರ ಕೇಳಿದೆ.

“ವ್ರತಾನ ಮಧ್ಯದಾಗೆ ಬಿಟ್ಟಿದ್ಕೇ ಹಿಂಗಾಯ್ತಂತೆ ಅತ್ತೆ. ಮೊದ್ಲಿಂದ ಹಿಡುದ್ರೆ ಈ ಸಲ ಸಕ್ರೆ ಪೂರಾ ಹೋಯ್ತದಂತೆ. ಸೂಜಿ ಇಟ್ಕಂಡು ಆ ಮನೇಲಿ ಬಾಳಕ್ಕಾಗಲ್ಲ ಅಂತ ನಮ್ಮಮ್ಮ ಹೇಳವ್ಳೆ.”

ಇನ್ನೊಂದು ಸೂಜಿ ತುಂಬಿಸಿ, ನನ್ನ ಕಣ್ಣ ಮುಂದೆಯೇ ಹಾಕಿಸಿದ್ದೇನೆ. ಅವಳ ಮೊಬೈಲ್ ಫೋನನ್ನು ನನ್ನ ಸೆರಗಿಗೆ ಕಟ್ಟಿಕೊಂಡಿದ್ದೇನೆ. ಮುನೀಂದ್ರನಿಗೆ ಹೇಳಿದರೆ ಮನೆಯಿಂದ ಕಳಿಸುತ್ತಾನೆ, ಕಳಿಸಿದರೆ ನಿಮ್ಮ ಮಾತೇ ನಿಜವಾಯಿತೆಂದು ಅವಳು ಅಲ್ಲಿಯೂ ಹೀಗೆಯೇ ಮಾಡುತ್ತಾಳೆ. ಹೇಳದಿದ್ದರೆ ಕಾಯುವವಳು ನಾನೊಬ್ಬಳೇ. ಸಂಜೆಯ ಸೂಜಿಯ ಹೊತ್ತಿಗೂ ಅವಳು ಒಪ್ಪದಿದ್ದರೆ ಎಲ್ಲವನ್ನೂ ಅವನಿಗೆ ಹೇಳಿ ಆಸ್ಪತ್ರೆಗೆ ಕರೆದೊಯ್ಯುತ್ತೇನೆ, ಆಮೇಲೆ ಆಗುವುದು ಆಗಲಿ.

ಮಾರ್ಗಶಿರವೆಂದು ಬರೆದದ್ದನ್ನು ಹೊಡೆದುಹಾಕಿಕೊಳ್ಳಿ. ದಿನ ನೋಡಬೇಡಿ, ರಾಹುಕಾಲ ನೋಡಬೇಡಿ, ಉಟ್ಟ ಸೀರೆ ಬದಲಿಸಬೇಡಿ. ಬೋರಯ್ಯ ಇಳಿದ ಬಸ್ಸು ನಿಮ್ಮೂರಿನಲ್ಲಿ ತಿರುಗಿಕೊಂಡು ಮತ್ತೆ ಹೊಸೂರಿಗೇ ಬರುತ್ತದೆ. ಅದರಲ್ಲಿಯೇ ಬನ್ನಿ.